ಎಡಸುತ್ತು

ಮೊನ್ನೆ ಬೆಟಗೇರಿ ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳು ಹುಲ್ಲಿನ ಸಣ್ಣ ಸಣ್ಣ ಸಿವುಡು ಕಟ್ಟಿ ಮಾರಲು ಇಟ್ಟಿದ್ದಳು. "ಚಾದಾಗ ಹಾಕ್ರಿ ಬಾಯಾರ, ಮಸ್ತ್ ವಾಸನಿ ಬರ್ತೈತಿ" ಎಂದು ಒಂದು ಎಸಳು ಹಿಸುಕಿ ನನ್ನ ಮೂಗಿಗೇ ಹಿಡಿದಳು. ಮಜ್ಜಿಗೆ ಹುಲ್ಲು. ಮಳೆ ಬಿದ್ದ ಮರುದಿನ ಕಪ್ಪತಗುಡ್ಡದ ಮೇಲೆ ಕಾಲಿಟ್ಟಲ್ಲೆಲ್ಲ ಏಳುವ ವಾಸನೆ ಅದು. ನಾನು ಬದನೆಕಾಯಿ ಕೈಬಿಟ್ಟು ಎದ್ದು ನಿಂತೆ. "ಯಾಕ್ರಿ, ತಲಿ ತಿರಗಿತೇನು?" ಎಂದು ಕೇಳಿದಳು. ಇಲ್ಲವ್ವ ಅಂದೆ. ಎರಡು ಸಿವುಡು ತೆಗೆದುಕೊಂಡು ಮನೆಗೆ ಬಂದು, ಚಹಾ ಮಾಡದೆ, ಅವನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು ಸಂಜೆಯವರೆಗೆ ಸುಮ್ಮನೆ ಕೂತೆ.

ಆ ಗುಡ್ಡ ಸುತ್ತಿದ ವರ್ಷ ನಾನು ಇನ್ನೂ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ. ಬೆಟಗೇರಿಯ ಮನೆಯಲ್ಲಿ ನಾನು ಮತ್ತು ತಂಗಿ ಸುಮಿತ್ರಾ, ಇಬ್ಬರೇ. ನನಗೆ ಮದುವೆಯಾಗಲಿಲ್ಲ. ಅವಳಿಗೆ ಆಗಿ, ಆ ಮನೆ ಸಾಕಾಗಿ, ತಿರುಗಿ ಬಂದಿದ್ದಳು. ಮುಂದಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ಓಣಿಯವರ ಕುಪ್ಪಸ ಹೊಲಿಯುತ್ತಿದ್ದಳು, ಹೊಲಿಯುತ್ತ ಮಾತಾಡುತ್ತಿದ್ದಳು. ಯಾರ ಮನೆಯ ಸೊಸೆ ಮುನಿದಳು, ಯಾರ ಮಗ್ಗ ನಿಂತಿತು, ಕಾಯಿಪಲ್ಲೆ ಎಷ್ಟು ತುಟ್ಟಿಯಾಯಿತು, ಎಲ್ಲ ನನ್ನ ಕಿವಿಗೆ ಬೀಳಬೇಕು. ನನ್ನ ಕೆಲಸ ಹೂಂ ಅನ್ನುವುದು. ಪೇಪರು ತಿದ್ದುತ್ತ ಹೂಂ, ರೊಟ್ಟಿ ತಿನ್ನುತ್ತ ಹೂಂ. ಒಂದು ಹೂಂ ತಡವಾದರೆ ಮಷೀನು ನಿಲ್ಲಿಸಿ, "ಏ ಅಕ್ಕಾ, ಅದೀಯೋ ಇಲ್ಲೋ? ಹೂಂ ಅನ್ನಾಕೂ ಬಾಯಿ ನೋಯ್ತೈತೇನು ನಿನಗ?" ಎಂದು ರೇಗುತ್ತಿದ್ದಳು. ಆ ಬೇಸಿಗೆಯಲ್ಲಿ ಒಂದು ವಾರದ ಜ್ವರಕ್ಕೆ ಸುಮಿ ಹೋದಳು.

ನಾನು ಅಳಲಿಲ್ಲ. ಕಟುಕಿ ಅಂತ ಅಂದುಕೊಂಡವರೂ ಇದ್ದಾರು, ಅಂದುಕೊಳ್ಳಲಿ. ಅಳು ಬರಬೇಕಲ್ಲ. ಬಂದವರಿಗೆ ಚಹಾ ಮಾಡಿ ಕೊಟ್ಟೆ, ಹೊಲಿಯಲು ಕೊಟ್ಟವರ ಅರಿವೆಗಳನ್ನು ವಿಂಗಡಿಸಿ ಅವರವರ ಮನೆಗೆ ಮುಟ್ಟಿಸಿದೆ. ಮನೆ ಖಾಲಿಯಾದ ಮೇಲೆ ಗೋಡೆ ಗಡಿಯಾರದ ಸಪ್ಪಳ ಕೇಳತೊಡಗಿತು. ಅಷ್ಟು ವರ್ಷ ಅದು ಸಪ್ಪಳ ಮಾಡುತ್ತದೆಂದೇ ನನಗೆ ಗೊತ್ತಿರಲಿಲ್ಲ. ಜೂನಿನಲ್ಲಿ ಶಾಲೆ ಸುರುವಾಗುವಾಗ, ಶಿರಹಟ್ಟಿ ಆಚೆ ಗುಡ್ಡದ ಬುಡದ ಊರೊಂದರಲ್ಲಿ ಗಣಿತಕ್ಕೆ ಯಾರೂ ಇಲ್ಲ, ಒಂದು ವರ್ಷದ ಮಟ್ಟಿಗೆ ಯಾರಾದರೂ ಹೋಗಬೇಕು ಎಂದು ಶಿಕ್ಷಕರ ಸಭೆಯಲ್ಲಿ ಹೇಳಿದರು. ಎಲ್ಲರೂ ನೆಲ ನೋಡುತ್ತಿದ್ದರು. ನಾನು ಕೈಯೆತ್ತಿದೆ.

ಅಲ್ಲಿ ಪಾರವ್ವ ಎಂಬ ಒಂಟಿ ಹೆಂಗಸಿನ ಮನೆಯಲ್ಲಿ ಒಂದು ಕೋಣೆ ಸಿಕ್ಕಿತು. ಆ ಕಡೆ ಶಿಕ್ಷಕಿಯರನ್ನು ಅಕ್ಕೋರ ಎನ್ನುತ್ತಾರೆ. ನನ್ನನ್ನು ಅಕ್ಕಾ ಎನ್ನುವವಳು ಒಬ್ಬಳೇ ಇದ್ದಳು, ಅವಳು ಹೋಗಿಬಿಟ್ಟಿದ್ದಳು, ಈಗ ಊರಿಗೂರೇ ಅಕ್ಕೋರ ಅಕ್ಕೋರ ಎಂದು ಕರೆಯುತ್ತಿತ್ತು. ಮೊದಮೊದಲು ಪ್ರತಿ ಸಲವೂ ತಿರುಗಿ ನೋಡುತ್ತಿದ್ದೆ. ಆಮೇಲೆ ಸಿಟ್ಟು ಬರತೊಡಗಿತು. ವಾರದ ದಿನಗಳು ಹೇಗೋ ದಾಟುತ್ತಿದ್ದವು. ಐತವಾರ ಬಂತೆಂದರೆ ಆ ಕೋಣೆಯಲ್ಲಿ ಕೂಡ್ರಲಾಗುತ್ತಿರಲಿಲ್ಲ. ಎರಡನೆಯ ಐತವಾರವೋ ಮೂರನೆಯದೋ, ಊಟ ಮುಗಿಸಿ ಚಪ್ಪಲಿ ಮೆಟ್ಟಿ ಹೊರಬಿದ್ದೆ.

ಊರ ಮುಂದೆ ಕಪ್ಪತಗುಡ್ಡದ ಸಾಲಿನ ಒಂದು ಗುಡ್ಡ. ಬಲಕ್ಕೆ ಹೊಲದ ದಾರಿ, ಸಪಾಟು. ಎಡಕ್ಕೆ ಕುರಿಹಟ್ಟಿಯ ಮೇಲಿನ ಕಡಿದಾದ ಏರು. ನನ್ನ ಮೊಣಕಾಲಿಗೆ ಏರು ಆಗಿಬರುವುದಿಲ್ಲ ಎಂದು ಬಲಕ್ಕೆ ಹೊರಳಿದೆ. ಸ್ವಲ್ಪ ದೂರ ಹೋಗಿ ಹಿಂದಿರುಗುವುದೆಂದೇ ಹೊರಟಿದ್ದು. ಆದರೆ ಹಿಂದಿರುಗಬೇಕಾದ ಹೊತ್ತಿಗೆ, ಬಂದ ದಾರಿಯಲ್ಲಿಯೇ ಹೋಗಿ ಅದೇ ಕೋಣೆಯ ಅದೇ ಕೀಲಿ ತೆಗೆಯುವುದನ್ನು ನೆನೆಸಿಕೊಂಡೆ. ಕಾಲು ಮುಂದೆಯೇ ಹೋದವು. ಗುಡ್ಡವನ್ನು ಎಡಕ್ಕೆ ಇಟ್ಟುಕೊಂಡು ಪೂರ್ತಿ ಒಂದು ಸುತ್ತು ಹಾಕಿ, ಆ ಕಡಿದಾದ ದಾರಿಯಿಂದಲೇ ಇಳಿದು ಊರು ಮುಟ್ಟುವಾಗ ಸೂರ್ಯ ಮುಳುಗುತ್ತಿದ್ದ. ಪಾರವ್ವ ಕಟ್ಟೆಯ ಮೇಲೆ ಕೂತು ದಾರಿ ನೋಡುತ್ತಿದ್ದಳು.

"ಅಕ್ಕೋರ, ನಿಮಗ ಶುಗರ್ ಐತೇನ್ರಿ?"

"ಇಲ್ಲ."

"ಮತ್ತ ಡಾಕ್ಟರು ಹೇಳದನ ಇಷ್ಟಕ್ಕೊಂದು ನಡೀತಾರೇನು ಯಾರರ?"

ಅಂದಿನಿಂದ ಪ್ರತಿ ಐತವಾರ ಅದೇ ಸುತ್ತು. ಮೊದಲು ಶೇಂಗಾ ಹೊಲಗಳು, ಕೆಂಪು ಮಣ್ಣು, ನಡುವೆ ಉಳ್ಳಾಗಡ್ಡಿ ಮಡಿಗಳು. ಆಮೇಲೆ ಒಣಹಳ್ಳ. ಹಳ್ಳ ದಾಟಿದರೆ ಗುಡ್ಡದ ಬೆನ್ನಿಗೆ, ಎರಡು ದಿನ್ನೆಗಳ ನಡುವೆ ಒಂದು ತಗ್ಗು. ಅಲ್ಲಿ ಒಂದೇ ಬದು ಹಂಚಿಕೊಂಡ ಎರಡು ಹೊಲ, ಬದುವಿನ ಮೇಲೆ ಒಂದು ಬನ್ನಿಗಿಡ. ಅಲ್ಲಿಂದ ಮುಂದೆ ಅಡವಿ. ಅಡವಿ ಅಂದರೆ ಆಕಾಶ ಮುಚ್ಚುವ ಅಡವಿಯಲ್ಲ, ಕಾರಿ, ಬಿಕ್ಕಿ, ತಂಗಡಿ, ಸೆರಗು ಜಗ್ಗುವ ಮುಳ್ಳುಕಂಟಿ. ದಾರಿ ಓರೆಯಾಗಿ ಏರುತ್ತ ಏರುತ್ತ ಗುಡ್ಡದ ನೆತ್ತಿಗೆ ಹತ್ತುತ್ತದೆ. ನೆತ್ತಿಯ ಮೇಲೆ ಗಾಳಿಕಂಬಗಳು. ಆಷಾಢದಲ್ಲಿ ಅವುಗಳ ರೆಕ್ಕೆ ತಿರುಗುವ ಸಪ್ಪಳ ಹೊಟ್ಟೆಯೊಳಗೇ ಕೇಳಿಸುತ್ತಿತ್ತು. ಅಲ್ಲಿ ನಿಂತರೆ ಒಂದು ಕಡೆ ಮುಂಡರಗಿ ಸೀಮೆಯ ಎರೆಭೂಮಿ, ಮಳೆ ಬಿಟ್ಟು ಆಕಾಶ ಚೊಕ್ಕಾದ ದಿನ ದೂರದಲ್ಲಿ ಹೊಳೆಯ ಒಂದು ಬಿಳಿ ಗೆರೆ. ಇನ್ನೊಂದು ಕಡೆ ನನ್ನ ಊರು, ಅಂಗೈಯಷ್ಟು. ಕಾಲಡಿಗೆ ಆ ಹುಲ್ಲು.

ಇಡೀ ದಾರಿ ನಾನು ಮಾತಾಡುತ್ತಿದ್ದೆ. ಮೊದಲು ಮನಸ್ಸಿನೊಳಗೆ, ಆಮೇಲೆ ಬಾಯಿಬಿಟ್ಟು. ಸುಮಿ ಇದ್ದಾಗ ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಈಗ ಕಂಡದ್ದನ್ನೆಲ್ಲ ಹೇಳತೊಡಗಿದೆ. ನೋಡಲೇ ಸುಮಿ, ನವಿಲು. ಇಲ್ಲಿ ಕೆಸರೈತಿ, ಸೀರಿ ಎತ್ತಿ ಹಿಡಕೋ. ಆ ಹೆಡ್ಮಾಸ್ತರ ಇವತ್ತ ಏನಂದ ಗೊತ್ತೇನು. ಹೇಳಿ ಮುಗಿಸಿದ ಮೇಲೆ ಒಂದು ಹೂಂಗೆ ಕಾಯುತ್ತಿದ್ದೆ, ಬರುವ ಮೊದಲೇ ಇನ್ನೊಂದು ಮಾತು ಸುರು ಮಾಡಿಬಿಡುತ್ತಿದ್ದೆ. ಬರುವುದಿಲ್ಲ ಎಂಬುದು ಗೊತ್ತಾಗಬಾರದಲ್ಲ. ನಡೆಯುವಷ್ಟು ಹೊತ್ತು ಸುಮಿ ಇದ್ದಳು. ಈ ಸುತ್ತು ನಿಂತರೆ ಸುಮಿ ಮುಗಿದುಹೋಗುತ್ತಾಳೆ ಎಂಬ ಭಯ ನನ್ನೊಳಗೆ ಕೂತುಬಿಟ್ಟಿತ್ತು. ಮಳೆ ಇರಲಿ, ಕಾಲು ನೋಯಲಿ, ಐತವಾರ ತಪ್ಪಿಸಲಿಲ್ಲ. ಒಮ್ಮೆ ಜಾರಿ ಬಿದ್ದು ಮೊಣಕೈ ಕೆತ್ತಿಕೊಂಡು ಬಂದಾಗ ಪಾರವ್ವ ಅರಿಸಿನ ಹಚ್ಚುತ್ತ, "ಯಾರ ಮ್ಯಾಲಿನ ಸಿಟ್ಟಿಗೆ ಹಿಂಗ ನಡೀತೀರಿ?" ಎಂದಳು. ಹಚ್ಚುವುದಿದ್ದರೆ ಸುಮ್ಮನೆ ಹಚ್ಚು ಎಂದೆ.

ಶ್ರಾವಣದ ಒಂದು ಐತವಾರ, ಆ ತಗ್ಗಿನ ಹೊಲದ ಬದುವಿನ ಮೇಲೆ ಒಬ್ಬ ಮುದುಕ ದಾರಿಗೆ ಅಡ್ಡ ನಿಂತಿದ್ದ. ಕಲ್ಲಪ್ಪ ಅಂತ ಆಮೇಲೆ ತಿಳಿಯಿತು. ಎತ್ತರದ ಆಳು, ತಲೆಗೆ ಹಳೆಯ ರುಂಬಾಲು, ಕೈಯಲ್ಲಿ ಕಳೆ ತೆಗೆಯುವ ಕುರ್ಚಿಗಿ.

"ಅಕ್ಕೋರ, ಒಂದ ಮಾತು ಕೇಳ್ತೀನಿ, ಸಿಟ್ಟಾಗಬಾರದು."

"ಸಿಟ್ಟಾಗೂದು ಬಿಡೂದು ಮಾತಿನ ಮ್ಯಾಲೈತಿ."

"ಐತವಾರಕ್ಕೊಮ್ಮೆ ಗುಡ್ಡಾ ಸುತ್ತತೀರಿ. ಏನೋ ಹರಕಿ ಇರಬೇಕು, ಬ್ಯಾಡನ್ನಾಕ ನಾ ಯಾರು. ಆದ್ರ ಎಡಸುತ್ತು ಯಾಕ ಹಾಕ್ತೀರಿ? ದೇವರಿಗೆ ಬಲಸುತ್ತು. ಎಡಸುತ್ತು ಸತ್ತೋರಿಗಷ್ಟ ಹಾಕ್ತಾರ. ಊರಾಗ ಮಂದಿ ಹೆದರ್ಯಾರ."

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಗಣಿತದವಳು, ಗುಡ್ಡ ಎಡಕ್ಕಿದ್ದರೇನು ಬಲಕ್ಕಿದ್ದರೇನು, ದೂರ ಅಷ್ಟೇ. ಮೊಣಕಾಲು ನೋಯುತ್ತದೆಂದು ಈ ಕಡೆಯಿಂದ ಬರುತ್ತೇನೆ ಎಂದು ಹೇಳಬೇಕಿತ್ತು. ಬಾಯಿಂದ ಬಂದದ್ದು ಬೇರೆ.

"ಸತ್ತೋರಿಗೇ ಹಾಕಾಕತ್ತೀನಿ."

ಕಲ್ಲಪ್ಪ ಅಯ್ಯೋ ಅನ್ನಲಿಲ್ಲ, ಪಾಪ ಅನ್ನಲಿಲ್ಲ. ಕುರ್ಚಿಗಿಯನ್ನು ಸೊಂಟಕ್ಕೆ ಸಿಗಿಸಿಕೊಂಡ.

"ಯಾರು?"

"ತಂಗಿ."

"ಹೆಸರೇನು?"

"ಸುಮಿತ್ರಾ."

ಅವಳು ಹೋದಾಗಿನಿಂದ ಆ ಹೆಸರನ್ನು ಇನ್ನೊಬ್ಬರ ಎದುರು ಹೇಳಿದ್ದು ಅದೇ ಮೊದಲು. ಬೆಟಗೇರಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ಕಲ್ಲಪ್ಪ ಗುಡ್ಡದ ಕಡೆ ಕೈ ತೋರಿಸಿದ.

"ಅದಕ್ಕ ಮೂರ ಸುತ್ತು ಸಾಕ್ರಿ ಅಕ್ಕೋರ. ಮೂರಕ್ಕ ಮುಗೀತೈತಿ."

"ನಂದು ಮುಗದಿಲ್ಲ" ಅಂದೆ. ಧ್ವನಿ ಬಿರುಸಾಗಿಯೇ ಬಂತು.

"ಆತು ತಗೋರಿ. ಮುಗಿಯೂತನ ಹಾಕ್ರಿ. ನಡುವ ಒಂದ್ ಕಪ್ಪ ಚಾ ಕುಡೀರಿ."

ಬನ್ನಿಗಿಡದ ಬುಡದಲ್ಲಿ ಮೂರು ಕಲ್ಲಿನ ಒಲೆಯ ಮುಂದೆ ಇನ್ನೊಬ್ಬ ಮುದುಕ ಕೂತಿದ್ದ. ಕೊರಳಿಗೆ ಬಿಳಿ ಅರಿವೆ ಸುತ್ತಿಕೊಂಡು, ಕೈಸನ್ನೆಯಿಂದ ಬರ್ರಿ ಕುಂಡ್ರಿ ಎಂದ. ಪಕ್ಕದ ಹೊಲದ ರಾಜೇಸಾಬ. ಸಣ್ಣಂದಿನಿಂದ ಇಬ್ಬರೂ ಒಂದೇ ಬದುವಿನ ಎರಡು ಮಗ್ಗುಲಿಗೆ ದುಡಿದವರು. ಹಿಂದಿನ ವರ್ಷ ರಾಜೇಸಾಬನ ಗಂಟಲಲ್ಲಿ ಗಡ್ಡೆಯಾಗಿ ಹುಬ್ಬಳ್ಳಿಯಲ್ಲಿ ಕೊಯ್ಯಿಸಿಕೊಂಡು ಬಂದಿದ್ದ. ಜೀವ ಉಳಿಯಿತು, ಧ್ವನಿ ಹೋಯಿತು. ಉಸಿರು ಕೊರಳಿನ ತೂತಿನಿಂದ ಆಡುತ್ತದೆ, ಅದಕ್ಕೆ ಆ ಅರಿವೆ. "ಇಡೀ ಸೀಮಿಗೇ ದೊಡ್ಡ ಗಂಟಲಾ ಇತ್ರಿ ಇವಂದು" ಎಂದ ಕಲ್ಲಪ್ಪ. "ಇಲ್ಲಿ ಕೂಗಿದ್ರ ಗುಡ್ಡದಾಚಿ ಕುರಿ ಹೊಳ್ಳತಿದ್ವು." ರಾಜೇಸಾಬ ಅದೆಲ್ಲ ಸುಳ್ಳು ಎಂಬಂತೆ ಕೈಯಾಡಿಸಿದ.

ಮುಂದಿನ ಐತವಾರವೂ ನಾನು ಎಡಸುತ್ತೇ ಹಾಕಿದೆ. ನನ್ನ ಕಾಲು, ನನ್ನ ಖುಷಿ. ಆದರೆ ಬನ್ನಿಗಿಡದ ಹತ್ತಿರ ಕೂಡ್ರುವುದು ರೂಢಿಯಾಯಿತು. ಅವರಿಬ್ಬರ ಜೋಡಿಯನ್ನು ನೋಡುವುದೇ ಒಂದು ಮಜಾ. ರಾಜೇಸಾಬ ತುಟಿ ಅಲುಗಿಸಿ, ಕೈ ಆಡಿಸಿ ಏನೋ ಹೇಳುತ್ತಾನೆ. ಕಲ್ಲಪ್ಪ ಅದನ್ನು ನನಗೆ ತಿರುಗಿಸಿ ಹೇಳುತ್ತಾನೆ, ಬೇಕೆಂದೇ ತಪ್ಪು ಹೇಳುತ್ತಾನೆ. "ಇಂವ ಅಂತಾನ, ನನ್ನ ಶೇಂಗಾ ಕಲ್ಲಪ್ಪನ ಶೇಂಗಾದಷ್ಟು ಛಲೋ ಬಂದಿಲ್ಲಂತ." ರಾಜೇಸಾಬ ಹೆಗಲ ಮೇಲಿನ ಟವೆಲ್ಲು ತೆಗೆದು ಅವನ ಬೆನ್ನಿಗೆ ಬಾರಿಸುತ್ತಾನೆ. ನನಗೆ ನಗು ಬರುತ್ತಿತ್ತು, ನಕ್ಕಿದ್ದಕ್ಕೆ ಒಳಗೊಳಗೆ ಕಸಿವಿಸಿಯೂ ಆಗುತ್ತಿತ್ತು. ಎದ್ದು ಅಡವಿಯ ದಾರಿ ಹಿಡಿದ ಕೂಡಲೇ ಮತ್ತೆ ಸುಮಿಯ ಜೊತೆ ಮಾತು. ಆ ಇಬ್ಬರನ್ನು ಬಿಟ್ಟು ಏರುವಾಗ ಮೊದಲಿಗಿಂತ ಹೆಚ್ಚು ಒಂಟಿ ಅನ್ನಿಸುತ್ತಿತ್ತು ಎಂಬುದನ್ನೂ ಹೇಳಬೇಕು. ಜೋಡಿ ಇದ್ದವರನ್ನು ನೋಡಿ ಹೊಟ್ಟೆಕಿಚ್ಚು ಪಟ್ಟೆ, ಖರೆ.

ಭಾದ್ರಪದದಲ್ಲಿ ಮಳೆ ಹಿಡಿಯಿತು. ಹೆಸರುಕಾಯಿ ಬಿಡಿಸಿ ಆಗಿತ್ತು, ಶೇಂಗಾ ಕಾಯಿ ಬಲಿಯುತ್ತಿತ್ತು, ಉಳ್ಳಾಗಡ್ಡಿ ಕೊಳೆತೀತೆಂದು ಊರೆಲ್ಲ ಆಕಾಶ ನೋಡುತ್ತಿತ್ತು. ಹಳ್ಳಕ್ಕೆ ನೀರು ಬಂದು ಒಂದು ಐತವಾರ ದಾಟಲಾಗಲಿಲ್ಲ. ದಂಡೆಯ ಮೇಲೆ ನಿಂತೇ ಇದ್ದೆ. ಹಿಂದಿರುಗಿ ಬರುವಾಗ ಸುಮಿಯ ಹೆಸರು ಹಿಡಿದು ಬಾಯಿಗೆ ಬಂದಂತೆ ಬೈದೆ. ಜ್ವರ ಬಂದ ಮೊದಲ ದಿನವೇ ಯಾಕೆ ಹೇಳಲಿಲ್ಲ, ನನ್ನೊಬ್ಬಳನ್ನೇ ಬಿಟ್ಟು ಹೋಗುವುದಕ್ಕೆ ನಾಚಿಕೆಯಾಗಲಿಲ್ಲವೇ ಎಂದು. ಬೈದರೂ ಅಳು ಬರಲಿಲ್ಲ.

ಮಳೆ ನಿಂತ ಮೇಲೆ ಕಲ್ಲಪ್ಪ ಹೇಳಿದ, "ಸೀಗಿ ಹುಣ್ಣಿವಿಗೆ ಚರಗಾ ಚೆಲ್ಲತೀವಿ, ಬರಬೇಕ್ರಿ." ಬೆಳೆ ತುಂಬಿನಿಂತ ಹೊಲ ಬಸುರಿ ಹೆಣ್ಣಿನ ಲೆಕ್ಕ, ಅದಕ್ಕೆ ಬಯಕೆಯ ಊಟ ಬಡಿಸುವ ದಿನ ಅದು. ಹೊಲದ ಬದುವಿನ ಮೇಲೆ ಒಂದು ಸುತ್ತು ನಡೆಯುತ್ತ ಒಬ್ಬ ಮುಂದೆ ಅನ್ನ ಕಡಬು ಚೆಲ್ಲುತ್ತ "ಹುಲ್ಲುಲ್ಲಿಗೋ" ಎಂದು ಕೂಗುತ್ತಾನೆ, ಹಿಂದಿನವನು ತಂಬಿಗೆಯಿಂದ ನೀರು ಚಿಮುಕಿಸುತ್ತ "ಚೆಲ್ಲಾಂಬ್ರಿಗೋ" ಎಂದು ಓಗೊಡುತ್ತಾನೆ. ಇಷ್ಟೂ ವರ್ಷ ಕಲ್ಲಪ್ಪ ಮುಂದೆ, ರಾಜೇಸಾಬ ಹಿಂದೆ. ರಾಜೇಸಾಬನ ಹೊಲಕ್ಕೆ ಹೋದಾಗ ಅವನು ಮುಂದೆ, ಇವನು ಹಿಂದೆ. ಈ ಸಲ ಹೇಗೆ ಎಂದು ಕೇಳಬೇಕೆಂದುಕೊಂಡೆ, ರಾಜೇಸಾಬ ಎದುರಿಗೇ ಇದ್ದ, ಕೇಳಲಿಲ್ಲ.

ಹುಣ್ಣಿಮೆಯ ದಿನ ರಜೆ ಹಾಕಿದೆ. ಬರಿಗೈಯಲ್ಲಿ ಹೋಗಬಾರದೆಂದು ಶೇಂಗಾ ಹೋಳಿಗೆ ಮಾಡಹೋದೆ. ಹೋಳಿಗೆ ಸುಮಿಯ ಖಾತೆ, ನಾನು ಜನ್ಮದಲ್ಲಿ ಮಾಡಿದವಳಲ್ಲ. ಎಲ್ಲ ಒಡೆದು ಚೂರಾದವು. ಪಾರವ್ವ ನೋಡಿ, "ಹೆಂಗೂ ಚೆಲ್ಲೂದ ಐತಲ್ರಿ, ನಡೀತೈತಿ" ಎಂದಳು. ಹೊಲದಲ್ಲಿ ಕಲ್ಲಪ್ಪನ ಮನೆಯ ಹೆಣ್ಣುಮಕ್ಕಳು ಬನ್ನಿಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆಗೆ ಇಟ್ಟಿದ್ದರು. ಸಜ್ಜಿ ರೊಟ್ಟಿ, ಉಂಡಗಡಬು, ಪುಂಡಿಪಲ್ಲೆ, ಮೊಸರಬುತ್ತಿ. ಎಡೆಯಾದ ಮೇಲೆ ಎಲ್ಲದರಲ್ಲಿ ಸ್ವಲ್ಪ ಸ್ವಲ್ಪ ಒಂದು ಬಿದಿರಿನ ಪುಟ್ಟಿಯಲ್ಲಿ ಕಲಸಿದರು. ನನ್ನ ಹೋಳಿಗೆಯ ಚೂರೂ ಅದರೊಳಗೆ ಹೋದವು.

ಕಲ್ಲಪ್ಪ ಪುಟ್ಟಿ ಹಿಡಿದು ಮುಂದೆ ನಡೆದ. ಹಿಂದೆ ರಾಜೇಸಾಬ, ತಂಬಿಗೆ ಮತ್ತು ಬೇವಿನ ತೊಪ್ಪಲು. ಅವನ ಹಿಂದೆ ನಾನು. ಚೆಲ್ಲುವವನು ಸುತ್ತು ಮುಗಿಯುವತನಕ ಹಿಂದಿರುಗಿ ನೋಡಬಾರದು ಎಂಬುದು ಅಲ್ಲಿಯ ಪದ್ಧತಿ.

"ಹುಲ್ಲುಲ್ಲಿಗೋ…"

ಕೂಗು ದಿನ್ನೆಗೆ ತಾಗಿ ಹೋಯಿತು. ಯಾರೂ ಓಗೊಡಲಿಲ್ಲ. ಕಲ್ಲಪ್ಪ ನಿಂತ, ಸ್ವಲ್ಪ ಹೊತ್ತು ಬಿಟ್ಟು ಹೆಜ್ಜೆ ಇಟ್ಟ. ಮತ್ತೆ ಕೂಗಿದ. ಮತ್ತೆ ಅದೇ ಮೌನ, ಮತ್ತೆ ಹೆಜ್ಜೆ. ನನಗೆ ಮೈ ಪರಚಿಕೊಳ್ಳುವಂತಾಯಿತು. ಮುದುಕ ಕೂಗುತ್ತಾನೆ, ಉತ್ತರವಿಲ್ಲದೆ ನಿಲ್ಲುತ್ತಾನೆ, ಸೋತು ಮುಂದೆ ಹೋಗುತ್ತಾನೆ. ಆ ನಡುವಿನ ಖಾಲಿ ಜಾಗ ನನಗೆ ಚೆನ್ನಾಗಿ ಗೊತ್ತಿದ್ದ ಜಾಗ. ಐತವಾರಕ್ಕೊಮ್ಮೆ ನಾನೇ ಅದರಲ್ಲಿ ನಿಂತು, ಹೆದರಿ, ಮುಂದಿನ ಮಾತಿಗೆ ಓಡುತ್ತಿದ್ದೆ. ಇಷ್ಟು ವರ್ಷ ಹೂಂ ಅಂದೇ ಬದುಕಿದವಳಲ್ಲವೇ ನಾನು, ಇದೊಂದನ್ನು ತುಂಬಲಾರೆನೇ ಅನ್ನಿಸಿತು. ಮೂರನೆಯ ಕೂಗು ಮುಗಿಯುತ್ತಲೇ, ಹಿಂದಿನ ಬೆಂಚಿಗೂ ಕೇಳುವ ನನ್ನ ಕ್ಲಾಸಿನ ಧ್ವನಿಯಲ್ಲಿ ಚೆಲ್ಲಾಂಬ್ರಿಗೋ ಎಂದು ಒದರಿಬಿಟ್ಟೆ.

ಶೇಂಗಾದೊಳಗಿನ ಬೆಳವಗಳು ಹಾರಿಹೋದವು. ಬನ್ನಿಗಿಡದ ಕೆಳಗಿನ ಹೆಣ್ಣುಮಕ್ಕಳ ಮಾತು ನಿಂತಿತು. ರಾಜೇಸಾಬ ತಿರುಗಿ ನನ್ನನ್ನು ನೋಡಿದ, ಆಮೇಲೆ ಕೈಯೊಳಗಿನ ತಂಬಿಗೆ ನೋಡಿದ. ಕಲ್ಲಪ್ಪ ನಿಂತಲ್ಲೇ, ಮುಖ ತಿರುಗಿಸದೆ ಕೇಳಿದ.

"ಯಾರದು?"

"ನಾನ್ರಿ. ಯಾರೂ ಓ ಅನ್ನಲಿಲ್ಲಲ್ಲ ಅಂತ…"

"ಅಂವ ಅಂದಾನ್ರಿ ಅಕ್ಕೋರ. ಮೂರೂ ಸಲ ಅಂದಾನ. ನಿಮಗ ಕೇಳಸಿಲ್ಲ."

"ನಿಮಗ ಹೆಂಗ ಕೇಳಸ್ತೈತಿ? ಹಿಂದ ನೋಡಾಂಗಿಲ್ಲ ನೀವು."

"ಅಂವ ಅನ್ನೂತನ ನಾ ಕಾಲ ಕಿತ್ತಿಡೂದಿಲ್ಲ. ಅಂದ ಮ್ಯಾಲ ಇಡ್ತೀನಿ. ಅಷ್ಟ."

ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನಿಮ್ಮ ರಾಜೇಸಾಬ ಬದುಕಿದ್ದಾನೆ, ತುಟಿಯಾದರೂ ಅಲುಗಿಸುತ್ತಾನೆ, ನೀವು ಎಷ್ಟು ಹೊತ್ತು ಬೇಕಾದರೂ ನಿಂತುಕೊಳ್ಳಬಹುದು. ನಾನು ಯಾರಿಗೆ ನಿಲ್ಲಲಿ? ಇದನ್ನು ಹೇಳಲಿಲ್ಲ. "ತಪ್ಪಾತು" ಎಂದು ಬನ್ನಿಗಿಡದ ಕಡೆ ಹೊರಳಿದೆ. ರಾಜೇಸಾಬ ಕೈ ಅಡ್ಡ ಹಿಡಿದ. ತಂಬಿಗೆಯನ್ನು ಬದುವಿನ ಮೇಲಿಟ್ಟು ಮುಂದೆ ಹೋಗಿ, ಕಲ್ಲಪ್ಪನ ಕೈಯಿಂದ ಪುಟ್ಟಿ ಕಸಿದುಕೊಂಡು ಬಂದು ನನ್ನ ಕೈಗಿಟ್ಟ. ನನ್ನ ಕಡೆಗೆ, ಹೊಲದ ಕಡೆಗೆ ಕೈ ತೋರಿಸಿ ತುಟಿ ಅಲುಗಿಸಿದ. ಕಲ್ಲಪ್ಪ ಈ ಸಲ ಅದನ್ನು ತಪ್ಪಾಗಿ ಹೇಳಲಿಲ್ಲ.

"ನಿಮ್ಮ ತಂಗಿ ಹೆಸರಲೆ ಒಂದ ಮಗ್ಗಲಾ ನೀವು ಚೆಲ್ಲಬೇಕಂತ. ಅಂವ ಓ ಅಂತಾನಂತ."

"ನನಗ ಬರೂದಿಲ್ಲ."

"ಕೂಗಾಕ ಏನ ಬರಬೇಕ್ರಿ. ಹೊಲಾ ಬಲಕ್ಕಿರಲಿ, ಹಿಂದ ನೋಡಬ್ಯಾಡ್ರಿ. ನಡೀರಿ."

ಪುಟ್ಟಿ ಭಾರವಿತ್ತು. ಎಡಗೈಯಲ್ಲಿ ಅದನ್ನು ಎದೆಗೆ ಆನಿಸಿಕೊಂಡು, ಬಲಗೈಯಲ್ಲಿ ಒಂದು ಮುಟಗಿ ತೆಗೆದು ಚೆಲ್ಲಿದೆ. ಕೂಗಿದೆ. ಕ್ಲಾಸಿನ ಧ್ವನಿ ಎಲ್ಲಿ ಹೋಯಿತೋ, ಕೂಗು ನಡುವೆಯೇ ಒಡೆಯಿತು. ಆಮೇಲೆ ನಿಂತೆ. ಎದುರಿಗೆ ಗುಡ್ಡ, ಮೇಲೆ ಗಾಳಿಕಂಬ ತಿರುಗುತ್ತಿದ್ದವು. ಹಿಂದೆ ಏನೂ ಕೇಳಲಿಲ್ಲ. ತಿರುಗಿ ನೋಡಿದರೆ ರಾಜೇಸಾಬನ ತುಟಿ ಕಾಣುತ್ತಿತ್ತು, ನೋಡುವಂತಿರಲಿಲ್ಲ. ಓಡಿಹೋಗಲು ಮುಂದಿನ ಮಾತೂ ಇರಲಿಲ್ಲ. ಅಷ್ಟು ತಿಂಗಳು ತಪ್ಪಿಸಿಕೊಂಡು ತಿರುಗಿದ ಆ ಮೌನದೊಳಗೆ ಮೊದಲ ಸಲ ಪೂರ್ತಿಯಾಗಿ ನಿಂತೆ. ಸುಮಿ ಹೂಂ ಅನ್ನಲಿಲ್ಲ. ಇನ್ನು ಅನ್ನುವುದಿಲ್ಲ. 'ಸುಮಿ ಸತ್ತಾಳ' ಎಂದು ನನಗೆ ನಾನೇ ಬಾಯಿಬಿಟ್ಟು ಹೇಳಿಕೊಂಡೆ, ಅಳು ಬಂತು. ಸದ್ದು ಮಾಡಿ ಅತ್ತೆ. ಹಿಂದಿನವರು ಯಾರೂ ಹತ್ತಿರ ಬರಲಿಲ್ಲ, ಸಮಾಧಾನ ಹೇಳಲಿಲ್ಲ.

ಎಷ್ಟು ಹೊತ್ತಾಯಿತೋ, ಬೆನ್ನ ಹಿಂದೆ ಶೇಂಗಾ ಎಲೆಗಳ ಮೇಲೆ ನೀರು ಚಿಮುಕಿಸಿದ ಸಪ್ಪಳವಾಯಿತು. ಕಲ್ಲಪ್ಪ ನಿಂತು ಕಾಯುತ್ತಿದ್ದ ಓ ಇದೇ. ಕೂಗಿದ್ದು ಸುಮಿಗೆ, ಓ ಅಂದವನು ರಾಜೇಸಾಬ. ಎರಡೂ ಕೈ ಕೆಲಸದಲ್ಲಿದ್ದವು, ಕಣ್ಣು ಒರೆಸಿಕೊಳ್ಳಲಾಗಲಿಲ್ಲ. ಹಾಗೆಯೇ ಮುಂದಿನ ಹೆಜ್ಜೆ ಇಟ್ಟೆ.